ದೆವ್ವ ನಕ್ಕ ಹನ್ನೊಂದು ಸೆಕೆಂಡು

"ಅವ್ವಾ!"

ಕೂಗು ಕೇಳಿ ದಾನೇಶ್ವರಿ ಬೆಚ್ಚಿಬಿದ್ದಳು. ದೆವ್ವವೇ ಬೆಚ್ಚಿಬೀಳುವುದೆಂದರೆ ಸಾಮಾನ್ಯವೇ!

ಹೌದು, ಆ ಹೊತ್ತಿಗೆ ಅವಳು ದೆವ್ವ. ಬಿಳಿ ಸೀರೆ ಉಟ್ಟು, ತಲೆ ತುಂಬ ಸೆರಗು ಹೊದ್ದು, ಬಿಳಿಗೆರೆ ರಸ್ತೆಯ ತಿರುವಿನಲ್ಲಿ ತೋಟದ ಗೇಟಿಗೆ ಒರಗಿ ನಿಂತಿದ್ದಳು. ಮಟಮಟ ಮಧ್ಯಾಹ್ನ ಹನ್ನೆರಡೂವರೆ. ಕ್ಯಾಮೆರಾದ ಮುಂದೆ ನೀಲಿ ಗಾಜು ಸಿಕ್ಕಿಸಿದರೆ ಇದೇ ಮಧ್ಯಾಹ್ನ ಬೆಳದಿಂಗಳ ರಾತ್ರಿಯಾಗುತ್ತದೆ ಎಂದು ಸಿನಿಮಾದವರು ಹೇಳಿದ್ದರು. ತೆಂಗಿನ ತೋಟದ ನೆರಳು ಎಷ್ಟು ದಟ್ಟವಾಗಿತ್ತೆಂದರೆ ಅವಳು ನಂಬಿಬಿಟ್ಟಿದ್ದಳು.

ಅದು ಎರಡು ಸಾವಿರದ ಒಂದನೇ ಇಸವಿಯ ಮಾರ್ಚ್ ತಿಂಗಳು. ಸಿನಿಮಾದ ಹೆಸರು 'ಹದಿನೇಳನೇ ಮೈಲಿಗಲ್ಲು'. ಮನೆ ಬಿಟ್ಟು ಬೈಕಿನಲ್ಲಿ ಓಡಿಹೋಗುವ ಇಬ್ಬರು ಪ್ರೇಮಿಗಳು, ದಾರಿಯಲ್ಲಿ ಡ್ರಾಪ್ ಕೇಳುವ ಬಿಳಿ ಸೀರೆಯ ಹೆಂಗಸು... ಅವಳು ಹತ್ತಿಕೊಂಡ ಮೇಲೆ ಹಿಂದಿನ ಸೀಟಿನಲ್ಲಿ ಕೂತಿರುವುದು ಯಾರು ಎಂದು ಹೀರೋಗೇ ಗೊತ್ತಾಗುವುದಿಲ್ಲ! ದೆವ್ವದ ಪಾತ್ರದ ನಟಿ ತಿಪಟೂರಿನ ಬಿಸಿಲಿಗೆ ವಾಂತಿ ಮಾಡಿಕೊಂಡು ಲಾಡ್ಜಿನಲ್ಲಿ ಮಲಗಿದ್ದಳು. ತೋಟದ ಯಜಮಾನ, ಕೊಬ್ಬರಿ ಮಂಡಿ ಮಲ್ಲಿಕಾರ್ಜುನಯ್ಯನವರ ಮಗಳು ದಾನೇಶ್ವರಿ ಶೂಟಿಂಗ್ ನೋಡಲು ಬಂದಿದ್ದಳು. ಅದೇ ಎತ್ತರ, ಅದೇ ಮೈಕಟ್ಟು.

"ಹಿಂದಿನಿಂದ ಮಾತ್ರ ತೋರಿಸ್ತೀವಿ ಯಜಮಾನ್ರೇ, ಮುಖ ಕಾಣಲ್ಲ" ಎಂದು ಡೈರೆಕ್ಟರ್ ಅಪ್ಪನನ್ನು ಒಪ್ಪಿಸಿದ್ದ.

ಅಪ್ಪನಿಗೆ ಸಮಾಧಾನವಾದ ಅದೇ ಮಾತು ಮಗಳಿಗೆ ನಿರಾಸೆ. 'ಮುಖವೇ ಕಾಣದಿದ್ದ ಮೇಲೆ ಸಿನಿಮಾದಲ್ಲಿ ಇದ್ದು ಏನು ಬಂತು?'

ಆಗಲೇ ಆ ಕೂಗು. ಲೂನಾ ಮೊಪೆಡ್ಡೊಂದು ರಸ್ತೆಯ ಮಧ್ಯೆ ದಡಾರೆಂದು ಬಿತ್ತು. ಹೆಗಲ ಮೇಲೆ ಖಾಲಿ ಗೋಣಿಚೀಲ ಹಾಕಿಕೊಂಡ ಯುವಕನೊಬ್ಬ ಅವಳತ್ತ ಓಡಿ ಬಂದ. ಚಪ್ಪಲಿ ಒಂದು ಕಡೆ, ಚೀಲ ಒಂದು ಕಡೆ. ಬಂದವನೇ ಅವಳ ಎರಡೂ ಕೈ ಹಿಡಿದುಕೊಂಡ. ಅವನ ಮುಖದಲ್ಲಿ ಭಯವಿರಲಿಲ್ಲ. ಸಂತೋಷ... ಎಂಥ ಸಂತೋಷ!

ದಾನೇಶ್ವರಿ ತಿರುಗಿದಳು. ಸೆರಗು ಜಾರಿತು. ಬೆವರು ಸುರಿಸುತ್ತ ಬಾಯಿ ತೆರೆದು ನಿಂತ ಅವನನ್ನು ಕಂಡು ಅವಳಿಗೆ ನಗು ತಡೆಯಲಾಗಲಿಲ್ಲ. ದೆವ್ವವನ್ನು ಅವ್ವ ಅನ್ನುವ ಗಂಡಸು! ಅವಳು ತಲೆ ಹಿಂದಕ್ಕೆ ಹಾಕಿ ನಕ್ಕಳು. ಅವಳು ನಕ್ಕಿದ್ದಕ್ಕೆ ಇಡೀ ಯೂನಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕಿತು.

ಅವನು ಕೈ ಬಿಟ್ಟ. ಸುತ್ತ ನೋಡಿದ. ಕ್ಯಾಮೆರಾ ಕಂಡಿತು, ಜನ ಕಂಡರು. ಚಪ್ಪಲಿ ಹುಡುಕಿ ಮೆಟ್ಟಿಕೊಂಡು, ಲೂನಾ ಎತ್ತಿ ನಿಲ್ಲಿಸಿ, ಅದನ್ನು ತಳ್ಳಿಕೊಂಡೇ ಹೊರಟುಹೋದ.

"ಸೂಪರ್! ಕ್ಯಾಮೆರಾ ಓಡ್ತಾನೇ ಇತ್ತು!" ಡೈರೆಕ್ಟರ್ ಚಪ್ಪಾಳೆ ತಟ್ಟಿದ.

ತೋಟ ನೋಡಿಕೊಳ್ಳುವ ಸಣ್ಣತಿಮ್ಮಯ್ಯ ಮಾತ್ರ ನಕ್ಕಿರಲಿಲ್ಲ. ಅವನು ಹತ್ತಿರ ಬಂದು ಮೆಲ್ಲಗೆ ಹೇಳಿದ. "ಯಾಕವ್ವಾ ಹಂಗ್ ನಕ್ಬುಟ್ಟೆ? ಅವ್ನು ಗುರುಸಿದ್ದಮ್ಮನ ಮಗ ದಯಾನಂದ. ಗಂಡ ಹೋದ್ಮ್ಯಾಕೆ ಆ ಯಮ್ಮ ಬರೀ ಬಿಳಿ ಸೀರೆ ಉಡೋದು. ಮಗ ಟೌನಿಂದ ಬರಾ ಹೊತ್ಗೆ ದಿನಾ ಇದೇ ಗೇಟ್ ತಾವ ಬಂದು ಕಾಯ್ತಾ ನಿಂತ್ಕಳಾದು. ಆ ಯಮ್ಮ ಸತ್ತೋಗಿ ಎಲ್ಡ್ ವರ್ಷ ಆಯ್ತು..."

ದಾನೇಶ್ವರಿಯ ನಗು ಬಾಯಲ್ಲೇ ಸತ್ತುಹೋಯಿತು. ಅವನು ಹಿಡಿದ ಕೈಗಳನ್ನು ನೋಡಿಕೊಂಡಳು. ಅವನ ಬೆವರು ಇನ್ನೂ ಆರಿರಲಿಲ್ಲ.

*

ಮರುದಿನ ಬೆಳಿಗ್ಗೆಯೇ ಸಣ್ಣತಿಮ್ಮಯ್ಯನನ್ನು ಕರೆದುಕೊಂಡು ಅವಳು ದಯಾನಂದನ ಮನೆಗೆ ಹೋದಳು. ಸಣ್ಣತಿಮ್ಮಯ್ಯ ಜಗಲಿಯ ಮೇಲೆ ಕೂತ. ಅವಳು ನಡುಮನೆಗೆ ಬಂದಳು. ಯಾರೂ ಇಲ್ಲ. ತಲೆಯ ಮೇಲೆ ಮಾತ್ರ ಗುಡುಗುಡು ಸದ್ದು. ಆ ಸೀಮೆಯಲ್ಲಿ ಹುಟ್ಟಿದವರಿಗೆ ಅದೇನೆಂದು ಹೇಳಬೇಕಾಗಿಲ್ಲ. ಕಾಯಿಗಳನ್ನು ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಬಿಟ್ಟರೆ ಒಳಗಿನ ನೀರು ಇಂಗಿ ಉಂಡೆ ಕೊಬ್ಬರಿಯಾಗುತ್ತದೆ. ಅಲ್ಲಿಯವರೆಗೆ ಆಗಾಗ ಹತ್ತಿ ಕೈಯಾಡಿಸುತ್ತಿರಬೇಕು.

"ಯಾರು?" ಅಟ್ಟದಿಂದ ದನಿ ಬಂತು.

"ನಾನು... ನಿನ್ನೆ..." ದೆವ್ವ ಎನ್ನಲು ನಾಲಿಗೆ ಏಳಲಿಲ್ಲ. "ಮಲ್ಲಿಕಾರ್ಜುನಯ್ಯನವರ ಮಗಳು."

ಕಾಯಿ ಉರುಳುವುದು ನಿಂತಿತು. ಅಟ್ಟದ ಬಿದಿರು ದಬ್ಬೆಗಳ ಸಂದಿನಲ್ಲಿ ಅವನ ಅಂಗಿಯ ತುಂಡು ಕಂಡಿತು, ಮುಖ ಕಾಣಲಿಲ್ಲ. ಅವನು ಇಳಿದು ಬರಲಿಲ್ಲ. ಅದೇ ಒಳ್ಳೆಯದಾಯಿತು ಎನ್ನಿಸಿತು ಅವಳಿಗೆ.

"ಕ್ಷಮಿಸಿ ಅಂತ ಕೇಳಕ್ಕೆ ಬಂದೆ. ನಂಗೊತ್ತಿರ್ಲಿಲ್ಲ."

"ನಿಮ್ಗ್ ಹೆಂಗ್ ಗೊತ್ತಿರ್ತದೆ ಬುಡಿ. ಅವ್ವನ್ನ ಮಣ್ ಮಾಡಿದವ್ನು ನಾನೇ. ನಂಗ್ ಗೊತ್ತಿಲ್ವಾ ಅವ್ಳಿಲ್ಲ ಅಂತ? ಆದ್ರೂ ಕಾಲು ಓಡ್ಬುಟ್ವು ಕಣ್ರೀ. ನಾನೇನ್ ಮಾಡ್ಲಿ?"

ದಬ್ಬೆಯ ಸಂದಿನಿಂದ ಸಿಪ್ಪೆಯ ಧೂಳು ಅವಳ ತಲೆಯ ಮೇಲೆ ಉದುರಿತು. ಅವಳು ಕೊಡವಿಕೊಳ್ಳಲಿಲ್ಲ.

"ಒಂದ್ ಮಾತು ಕೇಳ್ಲಾ?" ಅವನೇ ಮುಂದುವರಿಸಿದ. "ಅದ್ನ ಸಿನಿಮಾದಾಗೆ ಹಾಕ್ಬ್ಯಾಡಿ ಅಂತ ಅವ್ರಿಗೆ ಹೇಳ್ತೀರಾ? ನನ್ ನೋಡಿ ನಗ್ಲಿ, ಬ್ಯಾಡ ಅನ್ನಲ್ಲ. ಅವ್ವನ್ನ ಕೂಗಿದ್ಕೆ ನಗಾದು ಬ್ಯಾಡ."

"ಹೇಳ್ತೀನಿ! ಇವತ್ತೇ ಹೇಳ್ತೀನಿ" ಎಂದಳು. ಆ ಕ್ಷಣ ಅದು ನಿಜವಾಗಿಯೂ ಅವಳ ಮನಸ್ಸಿನ ಮಾತಾಗಿತ್ತು. ಅದನ್ನು ಒಪ್ಪಲೇಬೇಕು.

ಆದರೆ ಡೈರೆಕ್ಟರ್ ಅವಳಿಗೆ ಬಾಯಿ ತೆರೆಯಲೂ ಬಿಡಲಿಲ್ಲ. "ಬನ್ನಿ ಬನ್ನಿ! ನಿಮ್ಮ ಬಗ್ಗೆನೇ ಮಾತಾಡ್ತಿದ್ವಿ. ಕ್ಯಾಮೆರಾಗೆ ಏನ್ ಚೆನ್ನಾಗಿ ಒಗ್ಗುತ್ತೆ ರೀ ನಿಮ್ಮ ಮುಖ! ನಿನ್ನೆ ಶಾಟು ಹನ್ನೊಂದು ಸೆಕೆಂಡ್ ಇದೆ. ಇಡೀ ಸಿನಿಮಾದಲ್ಲಿ ನಿಮ್ಮ ಮುಖ ಕಾಣೋದು ಅದೊಂದರಲ್ಲೇ. ಆ ಹುಡುಗ ಬೇಜಾರು ಮಾಡ್ಕೊಂಡ ಅಂತ ಕೇಳ್ಪಟ್ಟೆ. ನೀವೇ ಹೇಳಿ, ಇಡಲಾ, ತೆಗೆದುಬಿಡಲಾ?"

ಎಷ್ಟು ಸುಲಭವಿತ್ತು! ತೆಗೆದುಬಿಡಿ ಎಂದರೆ ಮುಗಿದುಹೋಗುತ್ತಿತ್ತು.

ಅವಳ ಕಣ್ಣ ಮುಂದೆ ಬೆಳ್ಳಿ ಪರದೆ ಬಂತು. ಆಳೆತ್ತರದ ತನ್ನ ಮುಖ ಬಂತು. ಕಾಲೇಜಿನ ಗೆಳತಿಯರು, ಮದುವೆ ಮನೆಗಳಲ್ಲಿ ಮೂಗು ಮುರಿಯುವ ಅತ್ತೆಯಂದಿರು ಬಾಯಿ ಬಿಟ್ಟುಕೊಂಡು ನೋಡುತ್ತ ಕೂತದ್ದು ಬಂತು.

"ಇಡಿ ಸರ್" ಎಂದುಬಿಟ್ಟಳು.

ಸಂಜೆ ದಯಾನಂದ ಗೇಟಿನ ಬಳಿ ಕಾದಿದ್ದ. "ಹೇಳಿದ್ರಾ?"

"ಹೂಂ. ಕೈ ಮುಗಿದು ಕೇಳ್ಕಂಡೆ. ತೆಗೀತೀವಿ ಅಂದ್ರು."

ಕೈ ಮುಗಿದು ಎನ್ನುವುದನ್ನು ಅವಳೇ ಸೇರಿಸಿದಳು. ಯಾರೂ ಕೇಳಿರಲಿಲ್ಲ.

"ನಿಮ್ಮುಪಕಾರ ಯಾವತ್ತೂ ಮರೆಯಲ್ಲ" ಎಂದ ಅವನು. ಅವನ ಕಣ್ಣು ತುಂಬಿತ್ತು.

*

ಆಮೇಲಿನ ಒಂದು ವರ್ಷ ಅವಳ ಬದುಕಿನ ಅತ್ಯಂತ ಸುಖದ ವರ್ಷ. ಅದಕ್ಕೇ ಅದು ಅಷ್ಟು ಚುಚ್ಚುತ್ತಿತ್ತು.

ಅವಳಿಗೆ ತುರುವೇಕೆರೆಯ ನರ್ಸರಿ ಶಾಲೆಯಲ್ಲಿ ಕೆಲಸ ಸಿಕ್ಕಿತು. ಬೆಳಿಗ್ಗೆ ತಿಪಟೂರಿನಿಂದ ಬಸ್ಸು ಹತ್ತಿದರೆ ಮಧ್ಯಾಹ್ನ ವಾಪಸ್ಸು. ದಯಾನಂದನಿಗೆ ಅದೇ ಹೊತ್ತಿಗೆ ತುರುವೇಕೆರೆಯ ಬಸ್ ಸ್ಟ್ಯಾಂಡಿನ ಹತ್ತಿರ ಏನಾದರೊಂದು ಕೆಲಸ ಬೀಳತೊಡಗಿತು. ಒಂದು ದಿನ ಲೂನಾಗೆ ಪ್ಲಗ್ಗು, ಇನ್ನೊಂದು ದಿನ ಹಗ್ಗ, ಮತ್ತೊಂದು ದಿನ ಮತ್ತೆ ಪ್ಲಗ್ಗು.

"ನಿಮ್ಮ ಲೂನಾ ಎಷ್ಟು ಪ್ಲಗ್ ತಿನ್ನುತ್ತೆ ರೀ?" ಎಂದು ಒಮ್ಮೆ ಕೇಳಿಯೇಬಿಟ್ಟಳು.

ಅವನು ಕಿವಿಯವರೆಗೂ ಕೆಂಪಾದ. "ಪ್ಲಗ್ಗಿಗಲ್ಲ. ನಿಮ್ಮನ್ನ ನೋಡಕ್ಕೆ ಬತ್ತೀನಿ."

ಇಷ್ಟೇ ಅವನ ಪ್ರೇಮ ನಿವೇದನೆ! ಅವಳು ಬಸ್ಸಿನ ಕಿಟಕಿಗೆ ಹಣೆ ಒತ್ತಿಕೊಂಡು ದಾರಿಯುದ್ದಕ್ಕೂ ನಕ್ಕಳು. ಕೊನೆಗೆ ಬಿಳಿಗೆರೆಯ ಗೇಟಿನಲ್ಲಿ ಹೇಳಿದ ಸುಳ್ಳು ನೆನಪಾಗಿ ನಗು ನಿಂತಿತು.

'ಹೇಳಿಬಿಡು ದಾನೀ. ಈಗಲೇ ಹೇಳಿಬಿಡು.'

'ನಾಳೆ ಹೇಳ್ತೀನಿ.'

ಅಂಥ ಎಷ್ಟೋ ನಾಳೆಗಳು ಬಂದು ಹೋದವು. ಅವನು ಅಟ್ಟದ ಕಾಯಿಯೊಂದನ್ನು ಅವಳ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗೆ ಉಂಡೆ ಬಿಟ್ಟುಕೊಂಡು ಗೊಟಗೊಟ ಎನ್ನುವುದನ್ನು ಕೇಳಿಸಿದ. ಹೇಳಲಿಲ್ಲ. ಅಪ್ಪನ ಮುಂದೆ ಬಂದು ನೇರವಾಗಿ "ನಿಮ್ ಮಗಳ್ನ ನಂಗ್ ಕೊಡಿ" ಎಂದು ಕೇಳಿದ. ಅಪ್ಪ ಒಪ್ಪಿದರು, ವೈಶಾಖಕ್ಕೆ ಲಗ್ನ ಗೊತ್ತಾಯಿತು. ಹೇಳಲಿಲ್ಲ. ಎಷ್ಟೋ ಸಿನಿಮಾಗಳು ಡಬ್ಬದಲ್ಲೇ ಕೊಳೆಯುತ್ತವಂತೆ, ಇದೂ ಬಿಡುಗಡೆಯಾಗದೆ ಇರಲಿ ಎಂದು ಸಿದ್ಧರಾಮೇಶ್ವರನಿಗೆ ಹರಕೆ ಹೊತ್ತಳು. ಸುಳ್ಳು ಹೇಳಿದವರ ಹರಕೆ ದೇವರಿಗಾದರೂ ಯಾಕೆ ಬೇಕು? ಮದುವೆಗೆ ಎರಡು ತಿಂಗಳಿರುವಾಗ ತಿಪಟೂರಿನ ಗೋಡೆಗಳ ಮೇಲೆ ಪೋಸ್ಟರ್ ಬಂತು.

*

ಮೊದಲ ದಿನದ ಮ್ಯಾಟಿನಿಗೆ ಅರ್ಧ ಊರೇ ಬಂದಿತ್ತು. ತಮ್ಮ ತೋಟ, ತಮ್ಮ ರಸ್ತೆ ಪರದೆಯ ಮೇಲೆ ಬಂದಾಗಲೆಲ್ಲ ಶಿಳ್ಳೆ. ಹೆಂಗಸರ ಕಡೆ ಅತ್ತೆಯಂದಿರ ಮಧ್ಯೆ ದಾನೇಶ್ವರಿ. ಆಚೆ ಗಂಡಸರ ಕಡೆ ದಯಾನಂದ, ಅವಳಿಗೆ ಕೈ ಬೀಸಿ ಕೂತ.

ಇಂಟರ್‌ವಲ್ ಆದ ಸ್ವಲ್ಪ ಹೊತ್ತಿಗೆ ಬಿಳಿ ಸೀರೆ ಕಂಡಿತು. ಎಲ್ಲರೂ ಉಸಿರು ಬಿಗಿಹಿಡಿದರು. ಅವಳು ಮಾತ್ರ ಮನಸ್ಸಿನಲ್ಲೇ ಬೇಡಿಕೊಂಡಳು, 'ತೆಗೆದಿರಲಿ, ತೆಗೆದಿರಲಿ...'

"ಅವ್ವಾ!"

ಕೂಗಿನ ಹಿಂದೆಯೇ ಟೊಯ್ಯಿಂ ಎಂದು ತಮಾಷೆಯ ಸಂಗೀತ. ಲೂನಾ ಬಿತ್ತು, ಚಪ್ಪಲಿ ಹಾರಿತು. ಹೆದರಿ ಕೂತಿದ್ದ ಜನಕ್ಕೆ ಬಿಡುಗಡೆ ಸಿಕ್ಕಂತಾಗಿ ಟಾಕೀಸೇ ಬಿದ್ದುಹೋಗುವಂತೆ ನಕ್ಕರು. ಆಮೇಲೆ ಅವಳ ಮುಖ... ಗೋಡೆಯಷ್ಟು ದೊಡ್ಡ ಮುಖ, ಹಲ್ಲು ಬಿಟ್ಟು ನಗುವ ಮುಖ!

"ನಮ್ ದಾನೀ! ನೋಡ್ರೇ, ನಮ್ ದಾನೀ!" ಅತ್ತೆ ಅವಳ ಭುಜ ಹಿಡಿದು ಅಲ್ಲಾಡಿಸಿದಳು.

ಅವಳು ತಲೆ ತಗ್ಗಿಸಿದಳು. ತಾನು ಬಯಸಿದ ಮುಖ ಇದೇನಾ? ಇಷ್ಟು ಅಸಹ್ಯವಾಗಿದೆಯಾ ನನ್ನ ನಗು? ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ದಯಾನಂದನ ಕಡೆ ನೋಡುವ ಧೈರ್ಯವಾಗಲಿಲ್ಲ.

ಆಟ ಬಿಟ್ಟ ಮೇಲೆ ಅವನೇ ಹುಡುಕಿಕೊಂಡು ಬಂದ. ಬೈಯುತ್ತಾನೆ, ಬೈಯಲಿ ಎಂದು ಕಾದಳು.

"ಅಳ್ಬ್ಯಾಡ ಕಣೇ" ಎಂದ ಅವನು. "ನೀನು ಕೈ ಮುಗಿದು ಕೇಳ್ದೆ. ಅವ್ರು ಮಾತ್ಗೆ ತಪ್ಪಿದ್ರು. ನಿನ್ ತಪ್ಪೇನೈತೆ ಬುಡು."

ಅಯ್ಯೋ! ಒಂದು ಏಟು ಹೊಡೆದಿದ್ದರೂ ಅವಳು ಸುಧಾರಿಸಿಕೊಳ್ಳುತ್ತಿದ್ದಳು.

ಮರುದಿನದಿಂದ ದಯಾನಂದ ಎಲ್ಲಿ ಹೋದರೂ ಹಿಂದಿನಿಂದ "ಅವ್ವಾ!" ಎಂಬ ಕೂಗು. ಮಾರ್ಕೆಟ್ ಯಾರ್ಡಿನಲ್ಲಿ, ಹೋಟೆಲಿನಲ್ಲಿ, ಕ್ಷೌರದ ಅಂಗಡಿಯಲ್ಲಿ. ಅವನು ತಿರುಗಿ ನೋಡುತ್ತಿರಲಿಲ್ಲ. "ನೀನ್ ಕಟ್ಕಳಾ ಹೆಣ್ಣೇ ನಿನ್ ನೋಡಿ ನಕ್ಕವ್ಳಲ್ಲೋ" ಎಂದು ಯಾರಾದರೂ ಕೆಣಕಿದರೆ ಮಾತ್ರ ಸಿಡಿದೇಳುತ್ತಿದ್ದ. "ಅವ್ಳು ತೆಗೀರಿ ಅಂತ ಬೇಡ್ಕಂಡವ್ಳೆ. ಅವ್ಳ ಸುದ್ದಿಗೆ ಬಂದ್ರೆ ನೆಟ್ಗಿರಲ್ಲ!"

ಆ ಸುದ್ದಿ ಕಿವಿಗೆ ಬಿದ್ದಾಗಲೆಲ್ಲ ಅವಳಿಗೆ ಊಟ ಸೇರುತ್ತಿರಲಿಲ್ಲ.

*

ಎರಡನೇ ವಾರ ಸಿನಿಮಾ ತುರುವೇಕೆರೆಗೆ ಬಂತು. ಅಲ್ಲಿನ ಟಾಕೀಸಿನ ಆಪರೇಟರ್ ಇಸ್ರಾರ್ ಸಾಬರ ಮೊಮ್ಮಗಳು ಆಲಿಯಾ ದಾನೇಶ್ವರಿಯ ಶಾಲೆಯಲ್ಲೇ ಓದುತ್ತಿದ್ದಳು. ಮಧ್ಯಾಹ್ನ ಶಾಲೆ ಮುಗಿದೊಡನೆ ದಾನೇಶ್ವರಿ ಟಾಕೀಸಿನ ಹಿಂದಿನ ಕಬ್ಬಿಣದ ಮೆಟ್ಟಿಲು ಹತ್ತಿ ಪ್ರೊಜೆಕ್ಟರ್ ರೂಮಿನ ಬಾಗಿಲಲ್ಲಿ ನಿಂತಳು.

"ಸಾಬ್ರೇ, ಹನ್ನೊಂದು ಸೆಕೆಂಡು ಕತ್ತರಿಸಿಬಿಡಿ. ನಿಮ್ಮ ಕಾಲಿಗೆ ಬೀಳ್ತೀನಿ."

"ತೋಬಾ ತೋಬಾ! ಏನ್ ಟೀಚರಮ್ಮಾ ಇದು?" ಇಸ್ರಾರ್ ಸಾಬರು ಗಾಬರಿಯಾದರು. "ಪ್ರಿಂಟು ನಮ್ದಲ್ಲ. ಒಂದಡಿ ಕಮ್ಮಿಯಾದ್ರೂ ನನ್ನ ಕೆಲಸ ಹೋಗ್ತದೆ."

ಅವಳು ಅಳುವುದು ನೋಡಲಾಗದೆ ಅವರು ಗಡ್ಡ ಕೆರೆದುಕೊಂಡರು. "ಕತ್ತರಿ ಹಾಕೋದು ಬ್ಯಾಡ. ಲೆನ್ಸಿನ ಮುಂದೆ ಕೈ ಅಡ್ಡ ಇಟ್ರೆ ಪರದೆ ಕತ್ಲಾಗ್ತದೆ. ಸೌಂಡು ನಾನು ಮುಂಚೇನೇ ಇಳಿಸಿಟ್ಟಿರ್ತೀನಿ. ಆದ್ರೆ ಆ ಹೊತ್ತಿಗೆ ನಾನು ಇನ್ನೊಂದು ಮಿಷಿನ್ನಿಗೆ ರೀಲು ಹಾಕ್ಬೇಕು, ಎರಡೂ ಕೈ ಬಿಡುವಿರಲ್ಲ. ಇಡೋದಾದ್ರೆ ನೀವೇ ಇಡಿ."

ಹಾಗೆ ದಾನೇಶ್ವರಿ ದಿನಾ ಮ್ಯಾಟಿನಿಗೆ ಆ ಬಿಸಿ ರೂಮಿನಲ್ಲಿ ನಿಂತಳು. ಮಿಷಿನ್ನು ಕಟಕಟ ಓಡುತ್ತಿತ್ತು. ಬಿಳಿ ಸೀರೆ ಕಂಡೊಡನೆ ಅಂಗೈ ಅಡ್ಡ ಇಡುತ್ತಿದ್ದಳು. ಲೆನ್ಸಿನ ಬೆಳಕು ಅಂಗೈ ಮೇಲೆ ಬೀಳುತ್ತಿತ್ತು. ಅವಳಿಗೆ ಬೇಕಾಗಿದ್ದ ಮುಖ ಅದೇ ಬೆಳಕಿನಲ್ಲಿ ಎಲ್ಲೋ ಇತ್ತು, ಅವಳ ಕೈ ದಾಟಿ ಹೋಗುತ್ತಿರಲಿಲ್ಲ. ಕೆಳಗೆ ಜನ ಹೋ ಎಂದು ಕಿರುಚುತ್ತಿದ್ದರು. ಅವಳು ಹನ್ನೊಂದರವರೆಗೆ ಎಣಿಸಿ ಕೈ ತೆಗೆಯುತ್ತಿದ್ದಳು.

ನಾಲ್ಕನೇ ದಿನ ಎಣಿಸಿ ಮುಗಿಸಿ ಹಿಂತಿರುಗಿದರೆ ಬಾಗಿಲಲ್ಲಿ ದಯಾನಂದ!

"ತುರ್ವೇಕೆರೆ ಮ್ಯಾಟಿನೀಲಿ ನಿನ್ ಸೀನೇ ಬರಲ್ವಂತೆ ಅಂದ್ರು. ಯಾಕೆ ಅಂತ ನೋಡಕ್ಕೆ ಬಂದೆ. ನಂಗೋಸ್ಕರನಾ ಕಣೇ? ದಿನಾ ಹಿಂಗ್ ಬಂದು ನಿಂತ್ಕತಿದ್ಯಾ? ನಿನ್ನಂಥೋಳು ಯಾರಿಗ್ ಸಿಗ್ತಾಳೆ..."

"ಸಾಕು! ಹಾಗನ್ಬೇಡಿ!" ಅವಳು ಕಿವಿ ಮುಚ್ಚಿಕೊಂಡಳು.

ಇನ್ನು ತಡೆಯಲಾಗಲಿಲ್ಲ.

"ನಾನು ಕೇಳ್ಲೇ ಇಲ್ಲ ರೀ. ಕೈ ಮುಗೀಲಿಲ್ಲ, ಬೇಡ್ಕಳ್ಲಿಲ್ಲ. ಡೈರೆಕ್ಟರೇ ಕೇಳಿದ್ರು, ಇಡಲಾ ತೆಗೀಲಾ ಅಂತ. ನಾನು... ನಾನು ಇಡಿ ಅಂದೆ. ನನ್ನ ಮುಖ ಕಾಣೋದು ಅದೊಂದರಲ್ಲೇ ಅಂತ ಇಡಿ ಅಂದೆ. ಆಮೇಲೆ ನಿಮಗೆ ಸುಳ್ಳು ಹೇಳಿದೆ. ಒಂದು ವರ್ಷದಿಂದ ದಿನಾ ಸುಳ್ಳೇ ಹೇಳ್ತಾ ಬಂದೆ."

ಇಸ್ರಾರ್ ಸಾಬರು ಇನ್ನೊಂದು ಮಿಷಿನ್ನಿನ ಕಡೆ ಮುಖ ತಿರುಗಿಸಿಕೊಂಡರು.

ದಯಾನಂದ ಅವಳನ್ನೇ ನೋಡಿದ. "ನಾನು ಊರ್ ತುಂಬಾ..." ಎಂದು ಶುರು ಮಾಡಿ ನಿಲ್ಲಿಸಿದ. ಆಮೇಲೆ ಕಬ್ಬಿಣದ ಮೆಟ್ಟಿಲು ಇಳಿದು ಹೋದ. ಅವಳು ಕರೆಯಲಿಲ್ಲ. ಯಾವ ಮುಖ ಇಟ್ಟುಕೊಂಡು ಕರೆಯುವುದು?

*

ಆ ದಿನ ರಾತ್ರಿ ಅವಳಿಗೆ ನಿದ್ದೆ ಬರಲಿಲ್ಲ. ಅವನು ಬಿಟ್ಟ ಮಾತು ಮಾತ್ರ ತಲೆಯಲ್ಲಿ ಸುತ್ತಿತು. ನಾನು ಊರ್ ತುಂಬಾ... ಊರು ತುಂಬ ಅವಳ ಪರವಾಗಿ ಹೇಳಿಕೊಂಡು ತಿರುಗಿದ್ದ. ತನ್ನ ಸುಳ್ಳನ್ನು ಅವನ ಬಾಯಿಂದ ಹೇಳಿಸಿದ್ದಳು. ಇನ್ನು ಅವನು ಯಾವ ಬಾಯಲ್ಲಿ ಅದು ಸುಳ್ಳು ಎನ್ನಬೇಕು?

ಬೆಳಿಗ್ಗೆ ಎದ್ದು ಅಪ್ಪನ ಮಂಡಿಗೆ ನಡೆದಳು. ಕೊಬ್ಬರಿ ರಾಶಿಗಳ ಮಧ್ಯೆ ಹತ್ತಾರು ಜನ. ದಲ್ಲಾಳಿ ಚಿಕ್ಕಹನುಮಯ್ಯ ಅದೇ ಮಾತೆತ್ತಿದ್ದ.

"ಏನೇ ಹೇಳಿ ಯಜಮಾನ್ರೇ, ನಿಮ್ಮಳಿಯ ಅವ್ವಾ ಅಂತ ಓಡ್ ಬರಾದು ನೋಡಿದ್ರೆ..."

"ನನ್ ಮಗಳು ಬ್ಯಾಡ ಅಂತ ಕೈ ಮುಗಿದು ಕೇಳಿದ್ಲು ಕಣಪ್ಪ" ಎಂದರು ಮಲ್ಲಿಕಾರ್ಜುನಯ್ಯ. "ಸಿನಿಮಾದೋರು ಮೋಸ ಮಾಡಿದ್ರು."

"ಇಲ್ಲ ಅಪ್ಪಾಜಿ." ದಾನೇಶ್ವರಿ ರಾಶಿ ದಾಟಿ ಮುಂದೆ ಬಂದಳು. "ಮೋಸ ಮಾಡಿದ್ದು ನಾನು. ಡೈರೆಕ್ಟರ್ ತೆಗೀಲಾ ಅಂದ್ರು, ನಾನೇ ಇಡಿ ಅಂದೆ. ನಿಮ್ಮ ಅಳಿಯಂಗೆ ಸುಳ್ಳು ಹೇಳಿದ್ದೂ ನಾನೇ. ತಾಯಿ ನೆನಪಾಗಿ ಓಡಿ ಬಂದವರನ್ನ ನೋಡಿ ಮೊದಲು ನಕ್ಕವಳೂ ನಾನೇ. ನಗೋದಾದ್ರೆ ನನ್ನ ನೋಡಿ ನಗಿ. ಅವರನ್ನ ಬಿಟ್ಬಿಡಿ."

ಚಿಕ್ಕಹನುಮಯ್ಯ ಹೆಗಲ ಟವೆಲ್ಲು ತೆಗೆದು ಸುಮ್ಮನೆ ಮುಖ ಒರೆಸಿಕೊಂಡ.

ಅಪ್ಪನ ಮುಖ ಬಾಡಿತ್ತು. "ಮನೆಗೆ ನಡಿ" ಎಂದರು. ಮನೆಗೆ ಬಂದ ಮೇಲೆ ಎರಡು ದಿನ ಅವಳೊಡನೆ ಮಾತಾಡಲಿಲ್ಲ. ಮೂರನೇ ದಿನ ಒಂದೇ ಮಾತು ಹೇಳಿದರು. "ಲಗ್ನ ಬ್ಯಾಡ ಅಂತ ಅವ್ನೇ ಹೇಳಿ ಕಳಿಸಿದ್ರೆ ನಾನು ಎದುರು ಮಾತಾಡಕ್ಕಾಗಲ್ಲ ಕಣಮ್ಮ. ತಲೆ ಬಗ್ಗಿಸಿ ಹೂಂ ಅಂತೀನಿ."

ಅವಳೂ ತಲೆ ಬಗ್ಗಿಸಿ ಹೂಂ ಎಂದಳು. ಮತ್ತೆ ಹತ್ತು ದಿನ ಬಿಳಿಗೆರೆ ಕಡೆಯಿಂದ ಸುದ್ದಿಯೇ ಇಲ್ಲ.

*

ಹನ್ನೊಂದನೇ ದಿನ ಭಾನುವಾರ. ಮನೆಯ ಮುಂದೆ ಲೂನಾ ನಿಂತ ಸದ್ದಾಯಿತು.

ದಾನೇಶ್ವರಿ ಬಾಗಿಲಿಗೆ ಬಂದಳು. ಅವನು ಒಳಗೆ ಬರಲಿಲ್ಲ, ಗಾಡಿಯ ಮೇಲೆ ಕೂತೇ ಕೇಳಿದ.

"ಮಂಡೀಲಿ ಎಲ್ಲಾರ್ ಮುಂದೆ ಹೇಳ್ದ್ಯಂತೆ?"

"ಹೂಂ."

"ಯಾರೂ ಕೇಳ್ದೆ ಯಾಕ್ ಹೇಳ್ದೆ?"

"ನೀವು ನನ್ನ ಸುಳ್ಳು ಹೊತ್ಕೊಂಡು ತಿರುಗ್ತಿದ್ರಿ. ಅದು ನನಗೆ ತಡೆಯೋಕಾಗ್ಲಿಲ್ಲ." ಅವಳು ನೆಲ ನೋಡುತ್ತಲೇ ಹೇಳಿದಳು. "ಲಗ್ನ ಬೇಡ ಅನ್ನೋಕೆ ಬಂದಿದ್ರೆ ಹೇಳಿಬಿಡಿ. ನಂಗೆ ಕೋಪ ಇಲ್ಲ. ಕೋಪ ಮಾಡ್ಕಳ್ಳೋ ಯೋಗ್ಯತೆನೂ ಇಲ್ಲ."

ಅವನು ಲೂನಾದ ಹ್ಯಾಂಡಲ್ಲಿನ ಧೂಳು ಒರೆಸಿದ.

"ಸಿನಿಮಾ ಈಗ ಚಿಕ್ಕನಾಯಕನಹಳ್ಳೀಲೈತೆ. ನಾನು ಮೂರು ಸಲ ನೋಡ್ಕಂಡ್ ಬಂದೆ."

ಅವಳು ತಲೆ ಎತ್ತಿದಳು. "ಮೂರು ಸಲಾನಾ? ಯಾಕೆ?"

"ಮೊದ್ಲು ನಿನ್ ಮ್ಯಾಲೆ ಸಿಟ್ಟು ಏರಿಸ್ಕಳಾಕೆ ಹೋದೆ, ನಿಜ ಹೇಳ್ತೀನಿ. ಆ ನಗೂನ ಇನ್ನೊಂದ್ಸಲ ನೋಡಿ ಲಗ್ನ ಮುರ್ಕಂಡ್ ಬರಾನ ಅಂತ. ಆದ್ರೆ ನಿನ್ ನಗೂಗೆ ಮುಂಚೆ ನನ್ ಮುಖ ಬತ್ತದಲ್ಲ ದಾನೀ... ಮೂರ್ ನಾಕು ಸೆಕೆಂಡು. ಅವಾಗ ನಂಗೆ ಅವ್ವ ಇಲ್ಲ ಅನ್ನಾದೇ ಗೊತ್ತಿಲ್ಲ. ಅವ್ಳು ಹೋದ್ಮೇಲೆ ನಾನು ಬಾಯ್ಬಿಟ್ಟು ಅವ್ವಾ ಅಂತ ಕೂಗಿದ್ದು ಅದೊಂದೇ ಸಲ. ಅದ್ನ ನೀನು ತೆಗ್ಸಿದ್ರೆ ನಂಗದು ಮತ್ತೆ ಎಲ್ಲಿ ಸಿಗ್ತಿತ್ತು?"

"ನಾನು ನಿಮಗಾಗಿ ಇಡಿಸಲಿಲ್ಲ ರೀ. ನನಗಾಗಿ ಇಡಿಸಿದೆ. ಅದಕ್ಕೆ ಒಳ್ಳೇ ಹೆಸರು ಕೊಡಬೇಡಿ."

"ಕೊಡಲ್ಲ. ನೀನ್ ಮಾಡಿದ್ದು ತಪ್ಪೇ." ಅವನು ನೇರವಾಗಿ ಹೇಳಿದ. "ಹತ್ತು ದಿನ ನೆಟ್ಗೆ ಉಣ್ಣಾಕಾಗ್ಲಿಲ್ಲ ನಂಗೆ. ಇನ್ನೊಂದ್ಸಲ ಸುಳ್ಳ್ ಹೇಳ್ಬ್ಯಾಡ, ಅಷ್ಟೇ. ಎಂಥದೇ ಆಗ್ಲಿ, ನನ್ ಮುಂದೆ ಇದ್ದಂಗೇ ಹೇಳು."

"ಹೇಳ್ತೀನಿ" ಎಂದಳು ದಾನೇಶ್ವರಿ. ಕಣ್ಣೀರು ಧಾರೆಯಾಗಿ ಇಳಿಯುತ್ತಿತ್ತು. "ಈಗಲೇ ಒಂದು ಹೇಳ್ಲಾ? ನೀವಿಲ್ದೆ ನಂಗೆ ಬದುಕೋಕಾಗಲ್ಲ."

"ಅದ್ನ ದಾರೀಲಿ ಹೇಳುವಂತೆ, ಹತ್ತು. ಇವತ್ತು ಕೊನೇ ಮ್ಯಾಟಿನಿ" ಎಂದವನು ಒಳಗೆ ಕತ್ತು ಚಾಚಿ, "ಮಾವಾ, ಕರ್ಕಂಡೋಗಿ ಬತ್ತೀನಿ!" ಎಂದು ಕೂಗಿದ.

ಒಳಗಿನಿಂದ ಮಲ್ಲಿಕಾರ್ಜುನಯ್ಯ ಕೆಮ್ಮಿದರು. ಹತ್ತು ದಿನದಲ್ಲಿ ಅವರು ಅಷ್ಟು ಹಗುರವಾಗಿ ಕೆಮ್ಮಿರಲಿಲ್ಲ.

*

ಚಿಕ್ಕನಾಯಕನಹಳ್ಳಿಯ ಟಾಕೀಸಿನಲ್ಲಿ ಜನ ಕಡಿಮೆ. ಇಬ್ಬರೂ ಹಿಂದಿನ ಬೆಂಚಿನಲ್ಲಿ ಅಕ್ಕಪಕ್ಕ ಕೂತರು. ಬಿಳಿ ಸೀರೆ ಕಂಡಾಗ ದಾನೇಶ್ವರಿಯ ಅಂಗೈ ತಾನಾಗಿ ಮೇಲೆದ್ದಿತು. ದಯಾನಂದ ಅದನ್ನು ಹಿಡಿದು ತನ್ನ ತೊಡೆಯ ಮೇಲೆ ಇಟ್ಟುಕೊಂಡ.

"ನೋಡು" ಎಂದ.

"ಅವ್ವಾ!"

ಅವಳು ಮೊದಲ ಸಲ ಸರಿಯಾಗಿ ನೋಡಿದಳು. ಎಷ್ಟು ಚೆಂದವಿತ್ತು ಅವನ ಮುಖ! ಇಷ್ಟು ದೊಡ್ಡ ಪರದೆಯ ಮೇಲೆ ತನ್ನ ಮುಖವನ್ನಷ್ಟೇ ಹುಡುಕಿದ್ದಳಲ್ಲ ತಾನು! ಮುಂದಿನ ಸಾಲುಗಳಲ್ಲಿ ಜನ ನಕ್ಕರು. ಪರದೆಯ ಮೇಲಿನ ದಾನೇಶ್ವರಿ ನಕ್ಕಳು. ಬೆಂಚಿನ ಮೇಲಿನ ದಾನೇಶ್ವರಿಗೆ ನಾಚಿಕೆಯಿಂದ ಮೈ ಮತ್ತೆ ಬಿಸಿಯಾಯಿತು. ಆದರೂ ಅವಳು ಕಣ್ಣು ಮುಚ್ಚಲಿಲ್ಲ.

ದೃಶ್ಯ ಮುಗಿದು ಬೈಕು ಮುಂದಿನ ಊರಿಗೆ ಹೊರಟಿತು. ಅವಳು ಅವನ ಕಿವಿಯ ಹತ್ತಿರ ಬಾಗಿದಳು.

"ರೀ... ನೀವು ಟೌನಿಂದ ಬಂದಾಗ ಅತ್ತೆ ಗೇಟಿನ ಹತ್ರ ಏನಂತಿದ್ರು?"

"ಏನಿಲ್ಲ. 'ಯಾಕ್ ಮಗಾ ಇಷ್ಟೊತ್ತು, ಹಸ್ವಾಯ್ತಾ?' ಅಂತಿದ್ಲು. ದಿನಾ ಅದೊಂದೇ ಮಾತು."

ಆ ಮಧ್ಯಾಹ್ನ ಗೇಟಿನ ಬಳಿ ಅವನು ಕೈ ಹಿಡಿದುಕೊಂಡು ಕಾದಿದ್ದು ಆ ಮಾತಿಗೆ. ಸಿಕ್ಕಿದ್ದು ನಗು. ದಾನೇಶ್ವರಿ ಅವನ ಎರಡೂ ಕೈಗಳನ್ನು ತನ್ನ ಕೈಯೊಳಗೆ ತೆಗೆದುಕೊಂಡಳು.

"ಯಾಕ್ರೀ ಇಷ್ಟೊತ್ತು?" ಎಂದಳು ಮೆಲ್ಲಗೆ. "ಹಸಿವಾಯ್ತಾ?"

ದಯಾನಂದ ತುಟಿ ಕಚ್ಚಿಕೊಂಡ. ಸ್ವಲ್ಪ ಹೊತ್ತು ಅವನ ಭುಜ ಅಲುಗಿತು. ಆಮೇಲೆ ತಲೆಯನ್ನು ಅವಳ ಹೆಗಲಿಗೆ ಆನಿಸಿದ.

"ಹೂಂ ಕಣೇ... ಬಾಳಾ ಹಸ್ವಾಗೈತೆ."

"ನಡೀರಿ ಹಾಗಾದ್ರೆ, ಮನೆಗೆ ಹೋಗೋಣ."